ಮಧ್ಯದ ಒಂದು ಮೊಳ

ಔಷಧಿಯ ಎರಡು ಬಾಟಲಿಗೆ ಮುನ್ನೂರ ಎಂಬತ್ತು, ಬ್ರಷ್ಷಿಗೆ ನಲವತ್ತು, ದಪ್ಪ ನೂಲಿನ ಉಂಡೆಗೆ ಅರವತ್ತು. ನಾದಿನಿಯ ಕೂಲಿ ಎರಡು ಲೋಟ ಕಾಫಿ, ಅದನ್ನೂ ಅವಳೇ ಮಾಡಿಕೊಂಡು ಕುಡಿದದ್ದು. ಬಟ್ಟೆಗೆ ಖರ್ಚಿಲ್ಲ, ಮನೆಯದೇ. ಹೆಂಡತಿ ತೀರಿಕೊಂಡ ಮೇಲೆ ಡ್ರೈವರಣ್ಣ ಹೊಟ್ಟೆಪಾಡಿಗಲ್ಲದೆ ಮಾಡಿದ ಮೊದಲ ಖರ್ಚು ಇದು. ಚಳಿಗೊಂದು ಕೌದಿ ಬೇಕಿತ್ತು ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದ. ಚಳಿ ನೆಪ. ಅವಳ ಕೈಯಲ್ಲಿ ಆಡಿದ ಬಟ್ಟೆಯನ್ನು ಹೊದ್ದರೆ ಮನೆಯಲ್ಲಿ ಇನ್ನೊಬ್ಬರು ಇದ್ದಂತಾದೀತು ಎಂಬ ಆಸೆ ನಿಜ.

ನಾದಿನಿ, ಅಂದರೆ ಹೆಂಡತಿಯ ತಂಗಿ, ಬಟ್ಟೆಯ ಮೇಲೆ ನೀಲಿ ಅಚ್ಚು ತೆಗೆದು ಮಾರಿ ಬದುಕುವವಳು. ಬಿಳಿ ಬಟ್ಟೆಗೆ, ಬಿಸಿಲು ತಾಗಿದರೆ ನೀಲಿಯಾಗುವ ಔಷಧಿ ಬಳಿದು ಕತ್ತಲ ಕೋಣೆಯಲ್ಲಿ ಒಣಗಿಸಬೇಕು. ಮೇಲೆ ಎಲೆ ಹರಡಿ, ಗಾಜು ಮುಚ್ಚಿ ಬಿಸಿಲಿಗೆ ಇಡಬೇಕು. ನೀರಿನಲ್ಲಿ ಜಾಲಿಸಿದರೆ ಎಲೆ ಮುಚ್ಚಿದ್ದ ಜಾಗ ಬಿಳಿ, ಮಿಕ್ಕದ್ದೆಲ್ಲ ನೀಲಿ. ಅವತ್ತು ಕೌದಿಯ ಒಂದು ಸಾಲಿಗೆಂದು ಅವಳು ಎತ್ತಿಕೊಂಡದ್ದು ಎರಡು ದಿಂಬಿನ ಕವರು. ಡ್ರೈವರಣ್ಣನ ತಾಯಿಯ ಕಾಲದ ಬಿಳಿ ದುಪ್ಪಟಿಯನ್ನು ಕತ್ತರಿಸಿ ಹೆಂಡತಿ ಹೊಲಿದಿದ್ದಳು. ಬಿಳಿ ಗುಂಡಿಯದು ಅವಳದು, ಕರಿ ಗುಂಡಿಯದು ಇವನದು.

"ಭಾವಾ, ಇಲ್ಲಿ ಬನ್ನಿ!" ಮಹಡಿಯ ಮೇಲಿನಿಂದ ಅವಳು ಕೂಗಿದಳು. "ಕೆಲಸ ಕೆಟ್ಟಿತು."

ಟಬ್ಬಿನಿಂದ ಎತ್ತಿದ ಎರಡೂ ಕವರಿನಲ್ಲಿ ಎಲೆಗಳೇನೋ ನರನರವೂ ಕಾಣುವಂತೆ ಮೂಡಿದ್ದವು. ಜೊತೆಗೆ, ಯಾರೂ ಇಡದ ಒಂದೊಂದು ದುಂಡನೆಯ ಬಿಳಿ ಮಚ್ಚೆ.

"ದುಡ್ಡು ದಂಡವಾಯ್ತು ಅನ್ನು."

"ದುಡ್ಡಿನ ಮಾತು ಬಿಡಿ. ಇದು ತಲೆಗೆ ಹಚ್ಚೋ ಎಣ್ಣೆ ಭಾವ. ಎಷ್ಟು ಒಗೆದರೂ ನೂಲಿನೊಳಗೆ ಕೂತುಬಿಟ್ಟಿರುತ್ತೆ, ಔಷಧಿ ಹಿಡಿಯೋಕೆ ಬಿಡಲ್ಲ. ನೀವಿಬ್ಬರೂ ತಲೆ ಇಟ್ಟುಕೊಳ್ತಿದ್ದ ಜಾಗ ಇದು."

ಡ್ರೈವರಣ್ಣ ಕೈಯನ್ನು ಅಂಗಿಗೆ ಒರೆಸಿಕೊಂಡು ಎರಡನ್ನೂ ಇಸಿದುಕೊಂಡ. ಮಂಚದ ಮೇಲೆ ಹೇಗಿರುತ್ತಿದ್ದವೋ ಹಾಗೇ ಚಾಪೆಯ ಮೇಲೆ ಹರಡಿದ. ಗುಂಡಿ ಕೆನ್ನೆಗೆ ಒತ್ತುತ್ತದೆ, ಗುಂಡಿಯ ತುದಿ ಯಾವಾಗಲೂ ಹೊರಗಿರಬೇಕು ಎನ್ನುವುದು ಹೆಂಡತಿಯ ಕಟ್ಟಳೆ: ಅವಳದು ಗೋಡೆಯ ಕಡೆಗೆ, ಇವನದು ಬಾಗಿಲ ಕಡೆಗೆ. ಹಾಗೆ ಹರಡಿದಾಗ ಅವಳ ಮಚ್ಚೆ ಇವನ ದಿಂಬಿಗೆ ತಾಗುವಂತೆ ಒಳಗಿನ ಅಂಚಿಗೇ ಬಂದು ನಿಂತಿತ್ತು. ಇವನದು ಆಚೆ ತುದಿಯಲ್ಲಿ, ಗುಂಡಿಗಳ ಪಕ್ಕ. ಎರಡರ ನಡುವೆ ಒಂದು ಮೊಳ ನೀಲಿ.

ನಾದಿನಿಗೆ ನಗು ತಡೆಯಲಾಗಲಿಲ್ಲ. "ಅದಕ್ಕೇ ನೋಡಿ ದಿನಾ ನಿಮ್ಮ ಕೆನ್ನೆ ಮೇಲೆ ಗುರುತು! ಅಂಗಿಗೆ ಹಾಕೋ ಗುಂಡಿ ಮುಖಕ್ಕೆ ಹಾಕ್ಕೊಂಡು ಬಂದಿದಾನೆ ಅಂತ ಡಿಪೋದಲ್ಲೆಲ್ಲ ಆಡಿಕೊಳ್ತಿದ್ರಂತಲ್ಲ!"

ಅವನು ನಗಲಿಲ್ಲ. ಅವಳೂ ಅರ್ಧಕ್ಕೇ ನಿಲ್ಲಿಸಿದಳು.

"ಮೊದಲನೇ ಬಸ್ಸು ನಂದು," ಎಂದ. "ಇನ್ನೂ ಕತ್ತಲಿರುವಾಗಲೇ ಏಳಬೇಕಿತ್ತು. ಅಂಚಲ್ಲಿ ಮಲಗಿದ್ರೆ ಮಂಚ ಕಿರುಗುಟ್ಟಲ್ಲ, ಅವಳಿಗೆ ಎಚ್ಚರ ಆಗಲ್ಲ ಅಂತ... ಈಗಲೂ ಅಂಚಲ್ಲೇ ಮಲಗೋದು. ಅಭ್ಯಾಸ."

"ಅಕ್ಕನಿಗೆ ಎಚ್ಚರವೇ ಇರ್ತಿತ್ತು ಭಾವ. ಮಾತಾಡಿಸಿದ್ರೆ ನಿಮಗೆ ತಡ ಆಗುತ್ತೆ ಅಂತ ಕಣ್ಣು ಮುಚ್ಚಿಕೊಂಡಿರ್ತಿದ್ಲು. ನೀವು ಬಾಗಿಲು ಎಳಕೊಂಡು ಹೋದ ಮೇಲೇ ಅವಳಿಗೆ ನಿದ್ದೆ."

"ಯಾರು ಹೇಳಿದ್ದು ನಿಂಗೆ?"

"ಅವಳೇ. ನಗ್ತಾ ಹೇಳ್ತಿದ್ಲು."

"ನನಗೊಂದು ಮಾತು ಹೇಳಬಾರದಿತ್ತಾ?"

"ನೀವು ಕೇಳಬಹುದಿತ್ತಲ್ಲ." ಬಾಯಿಂದ ಜಾರಿದ ಮೇಲೆ ಅವಳು ತುಟಿ ಕಚ್ಚಿಕೊಂಡಳು. ಟಬ್ಬಿನ ನೀರು ಚೆಲ್ಲುವ ನೆವದಲ್ಲಿ ಆಚೆ ಹೋದಳು. ತಿರುಗಿ ಬಂದಾಗಲೂ ಅವನು ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕೂತೇ ಇದ್ದ. ಗೇಣು ಹಾಕಿ ಆ ನೀಲಿಯನ್ನು ಅಳೆಯುತ್ತಿದ್ದ.

"ಒಂದು ಕೆಲಸ ಮಾಡೋಣ," ಎಂದಳು. "ಮಧ್ಯದ್ದು ಕತ್ತರಿಸಿ ತೆಗೆದುಬಿಟ್ರೆ ಎರಡೂ ತಲೆ ಪಕ್ಕಪಕ್ಕ ಬರುತ್ತೆ. ಹೊಲಿದ ಮೇಲೆ ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಿರುತ್ತಲ್ಲ."

"ನಿಮಗೆ ಗೊತ್ತಿರಲಿ ಬಿಡಿ. ಹೊದೆಯೋರು ನೀವೇ ತಾನೆ."

ಡ್ರೈವರಣ್ಣ ಮಂಡಿಗೆ ಕೈ ಊರಿ ಎದ್ದ. ಆಮೇಲೆ ತಾನೇ ಕೆಳಗೆ ಹೋಗಿ ಕತ್ತರಿ ತಂದ. ಎಲೆಗಳು ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಆ ಮಧ್ಯದ ತುಂಡಿನಲ್ಲೇ. ಕಸುಬಿನವಳಿಗೆ ಕತ್ತರಿ ಹಾಕಲು ಕೈ ಬರಲಿಲ್ಲ. ಅವನು ಬಟ್ಟೆಯ ಎರಡೂ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದುಕೊಂಡ. "ಹೂಂ, ನೆಟ್ಟಗೆ ಹಾಕು," ಎಂದ.

ಆ ಸಾಲು ಒಂದು ಮೊಳ ಕಿರಿದಾದದ್ದರಿಂದ ಕೌದಿಯ ಮಿಕ್ಕ ಸಾಲುಗಳನ್ನೂ ಅಷ್ಟಕ್ಕೇ ಇಳಿಸಬೇಕಾಯಿತು. ಅಂಗಡಿಯ ಬಟ್ಟೆ ಕೊಟ್ಟು ಅಗಲ ಮಾಡಿಕೊಡುತ್ತೇನೆ ಎಂದು ನಾದಿನಿ ಹೇಳಿದಳು, ಅವನು ಒಪ್ಪಲಿಲ್ಲ. ವಾರದ ಕೊನೆಗೆ ಕೌದಿ ಮುಗಿಯಿತು. ಈಗ ಆ ಎರಡು ಮಚ್ಚೆಗಳ ನಡುವೆ ಇರುವುದು ಒಂದು ಹೊಲಿಗೆಯಷ್ಟೇ ಜಾಗ. ಇಬ್ಬರಿಗೆ ಹೊದೆಯಲು ಅಗಲ ಸಾಲದು. ಒಬ್ಬನಿಗೆ ಸಾಕು.