ಮನೆಗೊಂದು ಕುಣಿ

“ಕುಣಿ!” ಎಂದರು ಬಾಪಟ ಸಾಹೇಬರು, ಖುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು.

ನೇಕಾರ ಹೊಳಬಸಪ್ಪ ಮಗ್ಗದ ಕೆಳಗೆ ಬೆರಳು ತೋರಿಸಿದ. “ಇಲ್ಲೇ ಐತ್ರಿ.”

“ಅಲ್ಲ ಅಲ್ಲ. ನೀನು ಕುಣಿ!”

ಸಾಹೇಬರ ಜೊತೆ ಬಂದಿದ್ದ ಶಾಂತವ್ವ ಎರಡು ಹೆಜ್ಜೆ ಮುಂದೆ ಬಂದಳು. ನೇಕಾರರಿಗೆಂದು ಸಂಸ್ಥಾನ ಬನಹಟ್ಟಿಯಲ್ಲಿ ಕಟ್ಟಿಸಿದ ಕಡಿಮೆ ಬಾಡಿಗೆಯ ಚಾಳಿನ ಸುಖದುಃಖವೆಲ್ಲ ಅವಳ ತಲೆಯ ಮೇಲಿತ್ತು. ಕುಣಿಯಲು ಬಾರದವರಿಗೆ ನೆಲ ಡೊಂಕು ಅನ್ನುತ್ತಾರೆ; ಈ ಮಂದಿಗೆ ನೆಲ ಸಪಾಟಾಗಿದ್ದದ್ದೇ ತೊಂದರೆ. ಕಾಲು ಇಳಿಬಿಟ್ಟು ತುಳಿಯಲು ನೆಲದಲ್ಲಿ ಗುಂಡಿ, ಅಂದರೆ ಕುಣಿ, ತೋಡದೆ ಮಗ್ಗ ನಡೆಯದು. ಆದರೆ ನೆಲದ ಹಾಸುಗಲ್ಲು ಕಿತ್ತವರಿಗೆ ಚಾಳಿನಲ್ಲಿ ಜಾಗವಿಲ್ಲ ಎಂಬುದು ಸಂಸ್ಥಾನದ ಕಟ್ಟಳೆ. “ಮನಿಗೊಂದು ಕುಣಿ ಆಗಬೇಕ್ರಿ, ಇಲ್ಲಂದ್ರ ನಮ್ಮ ಮಂದಿ ಬದುಕೂದಿಲ್ಲ” ಎಂದು ಅವಳೇ ಹೋಗಿ ಬೇಡಿಕೊಂಡಾಗ, ಪುಣೆಯಿಂದ ಬಂದ ಈ ಹೊಸ ಕಾರಭಾರಿ ನಕ್ಕು, “ಆಗಲಿ, ಬಡವರಿಗೂ ಸಂತೋಷ ಬೇಕು” ಅಂದಿದ್ದರು. ದೇವರಂಥ ಮನುಷ್ಯ ಎಂದುಕೊಂಡಿದ್ದಳು. ದೇವರಿಗೆ ಕನ್ನಡ ಅಷ್ಟಕ್ಕಷ್ಟೇ ಎಂದು ಈಗ ತಿಳಿಯಿತು.

ಸಾಹೇಬರು ಬಗ್ಗಿ ನೋಡಿ ಕೆಂಪಾದರು. “ಹಾಸುಗಲ್ಲು ಎಲ್ಲಿ? ನಾನು ಅಪ್ಪಣೆ ಕೊಟ್ಟದ್ದು ಕುಣಿತಕ್ಕೆ! ಎಲ್ಲರೂ ಮನೆ ಖಾಲಿ ಮಾಡಿ!”

ಹೊಳಬಸಪ್ಪನ ಹೆಂಡತಿ ತೊಟ್ಟಿಲ ಕಡೆ ನೋಡಿದಳು. ಅದನ್ನು ಕಂಡು ಶಾಂತವ್ವನಿಗೆ ಎಲ್ಲಿಲ್ಲದ ಧೈರ್ಯ ಬಂತು.

“ಕುಣಿತಾನ್ರಿ, ಯಾಕ ಕುಣಿಯೂದಿಲ್ಲ! ಹೊಳಬಸಪ್ಪಾ, ಕುಂದ್ರು. ಕಾಲ ಆಡಸು.”

ಲಾಳಿ ಓಡಿತು. ಕೆಳಗೆ ಅವನ ಎರಡು ಕಾಲು ಒಂದಾದ ಮೇಲೊಂದು ಹಲಗೆ ತುಳಿಯತೊಡಗಿದವು.

“ನೋಡ್ರಿ ಸಾಹೇಬ್ರ, ನಡದ ಮ್ಯಾಲ ಅಂವಾ ನೇಕಾರ, ನಡದ ಕೆಳಗ ಕುಣಿಯಾಂವ. ನಮ್ಮ ಮಂದಿ ಕುಣಿಯೊಳಗ ಕುಣಿತಾರ್ರಿ.”

ಸಾಹೇಬರು ಮಂಡಿಯೂರಿ ಬಹಳ ಹೊತ್ತು ಇಣುಕಿದರು. ತಲೆ ತಾನಾಗಿಯೇ ತೂಗತೊಡಗಿತು. “ತಾಳ ಶುದ್ಧವಿದೆ. ಗೆಜ್ಜೆ ಕಟ್ಟಿದರೆ ಇನ್ನೂ ಚಂದ” ಎಂದು ಧೋತರ ಝಾಡಿಸಿಕೊಂಡು ಎದ್ದರು.

ಗೆದ್ದ ಹುಮ್ಮಸ್ಸಿನಲ್ಲಿ ಶಾಂತವ್ವನೇ ಅವರನ್ನು ಪಕ್ಕದ ಮನೆಗೆ ಕರೆದೊಯ್ದಳು. ಅಲ್ಲಿ ಮುದುಕಿ ಪದ್ಮವ್ವ ನೂಲಿನ ರಾಟಿ ತಿರುಗಿಸುತ್ತ ಕೂತಿದ್ದಳು. ಅವಳದು ಮಗ್ಗವಿಲ್ಲದ ಮನೆ. ನೆರೆಯವರಿಗೆ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿಕೊಟ್ಟು ಹೊಟ್ಟೆ ಹೊರೆಯುವವಳು.

“ಈಕಿ ಒಂದ ಕಲ್ಲೂ ಕಿತ್ತಿಲ್ರಿ” ಎಂದಳು ಶಾಂತವ್ವ ಹೆಮ್ಮೆಯಿಂದ.

ಸಾಹೇಬರು ನುಣ್ಣಗಿನ ನೆಲ ನೋಡಿದರು. “ಕುಣಿ ಇಲ್ಲವೇ? ಹಾಗಾದರೆ ಇವಳು ನಿಮ್ಮ ಮಂದಿಯಲ್ಲ. ಚಾಳು ಇರುವುದು ಕುಣಿಯುವವರಿಗೆ. ಮನೆ ಬಿಡಲಿ.”

ನಮ್ಮ ಮಂದಿ ಕುಣಿಯೊಳಗೆ ಕುಣಿಯುತ್ತಾರೆ ಎಂದಿದ್ದ ಶಾಂತವ್ವನ ಮಾತೇ ಅವಳಿಗೆ ಉರುಳಾಗಿತ್ತು.

ಪದ್ಮವ್ವ ರಾಟಿ ಬದಿಗೆ ಸರಿಸಿ, ಗೋಡೆ ಹಿಡಿದು ಮೇಲೆದ್ದು, ಸೆರಗು ನಡಕ್ಕೆ ಸಿಕ್ಕಿಸಿದಳು.

“ಬಾಡಿಗಿ ಮನ್ಯಾಗ ಇದ್ದಾಕಿಗೆ ಕುಣಿಯೂದು ಹೊಸಾದೇನ ಶಾಂತವ್ವಾ? ನೀ ತಾಳಾ ಹಾಕ ಬೇ.”