ಡಬ್ಬಿಯೊಳಗಿನ ಕರಿಬೇವು

ಒಗ್ಗರಣೆಗೆ ಕರಿಬೇವು ಬಿದ್ದು ಚಟಪಟ ಅಂದಾಗ ನನಗೆ ಇವತ್ತಿಗೂ ಮುಂಡಗೋಡದ ಟಿಬೆಟನ್ ಅಜ್ಜಿಯ ಅಂಗಡಿ ನೆನಪಾಗುತ್ತದೆ.

ನಮ್ಮ ಓಣಿಯ ಮೂಲೆಯಲ್ಲಿದ್ದ ಆ ಅಂಗಡಿಯಲ್ಲಿ ಸಾಬೂನು, ಬಿಸ್ಕಿಟ್, ಉಣ್ಣೆಯ ಟೊಪ್ಪಿಗೆ ಎಲ್ಲ ಸಿಗುತ್ತಿದ್ದವು. ಅಜ್ಜಿ ಮಾತ್ರ ಒಂದು ಕಡೆ ಕೂರುವವಳಲ್ಲ. ಜಪಮಾಲೆ ತಿರುಗಿಸುತ್ತ ಒಳಗೆ ಹೋಗುವಳು, ಮತ್ತೆ ಹೊರಗೆ ಬಂದು ರಸ್ತೆ ನೋಡುವಳು. ಅವ್ವ ಕೊಟ್ಟ ಕರಿಬೇವಿನ ಸಸಿಯನ್ನು ಎಣ್ಣೆ ಡಬ್ಬಿಯಲ್ಲಿ ನೆಟ್ಟು ಅಂಗಳದಲ್ಲಿ ಇಟ್ಟಿದ್ದಳು. ಅದು ನನಗಿಂತ ಎತ್ತರ ಬೆಳೆದಿತ್ತು.

“ನೆಲದಾಗ ಹಚ್ಚರಿ ಅಜ್ಜಿ, ಇನ್ನೂ ಎಷ್ಟ ದಿನಾ ಡಬ್ಬ್ಯಾಗ ಇಡ್ತೀರಿ?” ಎಂದು ಅವ್ವ ಹೋದಾಗಲೆಲ್ಲ ಕೇಳುತ್ತಿದ್ದಳು.

“ಬ್ಯಾಡ ತಂಗಿ. ನಾವು ನಮ್ಮ ದೇಶಕ್ಕ ಹೋಗವರು. ನೆಲದಾಗ ಹಚ್ಚಿದ್ರ ಬಿಟ್ಟ ಹೋಗಬೇಕಾಗ್ತೈತಿ.”

ಅಪ್ಪನ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದಾಗ ಕಟ್ಟಿದ್ದ ಹಿತ್ತಾಳೆ ಪಾತ್ರೆಗಳ ಗಂಟನ್ನು ಅವ್ವನೂ ಇನ್ನೂ ಬಿಚ್ಚಿರಲಿಲ್ಲ.

ಆ ಬೇಸಿಗೆ ಎದುರಿನ ಬೇವಿನ ಮರ ಕಡಿದರು. ಬಿಸಿಲು ನೇರ ಗಿಡದ ಮೇಲೆ ಬೀಳತೊಡಗಿತು. ಒಂದು ಮಧ್ಯಾಹ್ನ ಅಜ್ಜಿ ಡಬ್ಬಿಯನ್ನು ನೆರಳಿಗೆ ಸರಿಸಲು ಎಳೆದಳು. ಅಲುಗಲಿಲ್ಲ. ಅವ್ವನೂ ಕೈ ಹಚ್ಚಿದಳು. ಮನೆಗೆ ಹೋಗೋಣವೆಂದು ಚಡಪಡಿಸುತ್ತಿದ್ದ ನಾನು ಬಗ್ಗಿ ನೋಡಿದೆ. ತುಕ್ಕು ಹಿಡಿದ ತಳ ಒಡೆದು ಹೋಗಿತ್ತು.

“ಬೇರು ನೆಲಕ್ಕ ಇಳದಾವ, ಅಜ್ಜಿ!”

ಅಜ್ಜಿ ಅಲ್ಲೇ ಮಣ್ಣಿನಲ್ಲಿ ಕುಳಿತಳು. ಜಪಮಾಲೆ ನಿಂತಿತ್ತು.

“ನನ್ನ ಒಂದ ಮಾತೂ ಕೇಳಲಿಲ್ಲಲಾ ಇದು,” ಎಂದಳು.

ಅವ್ವ ಕೈಗೆ ಹತ್ತಿದ ತುಕ್ಕನ್ನು ಸೆರಗಿಗೆ ಒರೆಸಿಕೊಂಡಳು.

“ನಮ್ಮನ್ನರ ಯಾರ ಕೇಳ್ಯಾರ್ರಿ, ಅಜ್ಜಿ?”