ಸೋತೆತ್ತಿನ ಬಾಲ

ಡಾಯ್ಲ್ ಒಳಗೆ ಬಂದಾಗ ಅವನ ಕುರ್ಚಿಯಲ್ಲಿ ವರ್ನನ್ ಕೂತು ಹುರಿದ ಕೋಳಿ ತಿನ್ನುತ್ತಿದ್ದ. ಪೈಲ್ವಾನರು ಬಟ್ಟೆ ಬದಲಿಸುವ ಆ ಕೋಣೆಯಲ್ಲಿದ್ದದ್ದು ಅದೊಂದೇ ಕುರ್ಚಿ. ಯಾರು ಗೆಲ್ಲಬೇಕು, ಯಾರು ಹೇಗೆ ಬೀಳಬೇಕು ಎಂದು ಮೊದಲೇ ಆಟ ಕಟ್ಟಿಕೊಡುವವನಿಗೆ ಅದು ಮೀಸಲು. ಚಳಿಗಾಲದಲ್ಲಿ ಅದೇ ಕುರ್ಚಿಯಿಂದ ವರ್ನನ್‌ನನ್ನು ಎಬ್ಬಿಸಿ ಕಳಿಸಿದ್ದರು. ಅದಕ್ಕೂ ಹಿಂದೆ ಇನ್ನೊಮ್ಮೆ ಕಳಿಸಿದ್ದರು. ಅಮೆರಿಕದ ಮೆಂಫಿಸ್ ಕಡೆಯ ಎರಡು ಕುಸ್ತಿ ಕಂಪನಿಗಳು ಅವನ ಕೈಯಲ್ಲೇ ಬಾಗಿಲು ಮುಚ್ಚಿದ್ದವು.

"ಯಾರು ಕರೆದಿದ್ದು ನಿನ್ನ?"

"ಇನ್ಯಾರು ಕರೀತಾರೆ? ಹಾಲಿಸ್ಸೇ. ಮುಂದಿನ ವಾರದಿಂದ ಅಂತೆ." ವರ್ನನ್ ಮೂಳೆ ಚೀಪಿದ. "ಇವತ್ತಿನ ಆಟ ನಿಂದೇ. ಯಾಕೆ, ಕುರ್ಚಿ ಬೇಕಾ?"

ಡಾಯ್ಲ್‌ಗೆ ಕುರ್ಚಿ ಬೇಕೇ ಬೇಕಿತ್ತು. ರಿಂಗಿನಲ್ಲಿ ಬಿದ್ದೂ ಬಿದ್ದೂ ಅವನ ಎಡ ಮೊಣಕಾಲು ಹೋಗಿತ್ತು. ಇನ್ನೊಂದು ಸಲ ಬಿದ್ದರೆ ಊರುಗೋಲೇ ಗತಿ ಎಂದು ಡಾಕ್ಟರು ಹೇಳಿದ್ದರು. ಆಟ ಕಟ್ಟುವ ಕೆಲಸವೂ ಹೋದರೆ ಅವನಿಗೆ ಕುಸ್ತಿಯಿಲ್ಲ, ಕುಸ್ತಿ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ.

ಮಾಲೀಕ ಹಾಲಿಸ್ ಹೊರಬಾಗಿಲ ಬಳಿ ತಾನೇ ನಿಂತು ಪಾಪ್‌ಕಾರ್ನ್ ಹುರಿಯುತ್ತಿದ್ದ.

"ಹಿಂದಿನ ಬೆಂಚೂ ತುಂಬ್ತಿದೆ, ನೋಡ್ತಿದೀರಲ್ಲ," ಎಂದ ಡಾಯ್ಲ್. "ಮತ್ತ್ಯಾಕೆ ಅವನು?"

"ಅನುಭವಸ್ಥ ಕಣಯ್ಯ."

"ಹೌದು, ಮುಳುಗಿಸೋ ಅನುಭವ. ಲೋಕ ಎಲ್ಲ ಗೆದ್ದೆತ್ತಿನ ಬಾಲ ಹಿಡಿದ್ರೆ ನೀವು ಸೋತೆತ್ತಿನ ಬಾಲ ಹುಡುಕ್ಕೊಂಡು ಹೋಗ್ತೀರಲ್ಲ!"

ಹಾಲಿಸ್ ಉಪ್ಪಿನ ಡಬ್ಬಿ ಅಲ್ಲಾಡಿಸಿದ. "ನೀನು ವಾಪಸ್ ರಿಂಗಿಗೆ ಬಾ. ಜನಕ್ಕೆ ನೀನಂದ್ರೆ ಇಷ್ಟ."

"ನನ್ನ ಮೊಣಕಾಲು?"

"ಮೆಲ್ಲಗೆ ಬೀಳು."

ಜನಕ್ಕೆ ಇಷ್ಟ ಎಂದದ್ದು ಡಾಯ್ಲ್‌ನ ಕಿವಿಗೆ ಹೊಗಳಿಕೆಯಂತೆ ಕೇಳಲಿಲ್ಲ. ಯಾವುದೋ ತಪ್ಪನ್ನು ಎತ್ತಿ ಆಡಿದಂತಿತ್ತು. ವರ್ನನ್ ಹತ್ತಿರ ಮಾಲೀಕನ ಗುಟ್ಟೊಂದಿದೆ ಎಂದು ಪೈಲ್ವಾನರು ಮೊದಲಿನಿಂದಲೂ ಆಡಿಕೊಳ್ಳುತ್ತಿದ್ದರು. ಹೆಂಗಸಿನ ವಿಷಯ ಎಂದು ಒಬ್ಬ, ತೆರಿಗೆಯ ವಿಷಯ ಎಂದು ಇನ್ನೊಬ್ಬ. ಡಾಯ್ಲ್ ಒಳಗೆ ಹೋಗಿ ವರ್ನನ್‌ನನ್ನು ನೇರವಾಗಿಯೇ ಕೇಳಿದ.

"ಹಾಲಿಸ್‌ನ ಜುಟ್ಟು ಹೆಂಗೆ ಸಿಕ್ತು ನಿನ್ನ ಕೈಗೆ?"

ವರ್ನನ್ ನಗಲು ಹೋಗಿ ಕೆಮ್ಮಿದ. "ಜುಟ್ಟು ಸಿಕ್ಕಿದ್ದಿದ್ರೆ ಈ ಷೆಡ್ಡಲ್ಲಿ ಕೂತು ತಣ್ಣಗಿರೋ ಕೋಳಿ ತಿಂತಿದ್ನಾ? ಲೋ, ಹೋದ ವಾರ ಆಟದ ಮಧ್ಯೆ ಕರೆಂಟ್ ಹೋಯ್ತಂತಲ್ಲ. ಆಡೋಣ್ವಾ ಬೇಡ್ವಾ ಅಂತ ಹುಡುಗ್ರು ಯಾರನ್ನ ಕೇಳಿದ್ರು?"

"ನನ್ನ."

"ಹಾಲಿಸ್ ಎಲ್ಲಿದ್ದ?"

"ಪಕ್ಕದಲ್ಲೇ."

"ಹೂಂ. ನಿನ್ನ ಕೈಲಿ ಕಂಪನಿ ಬೆಳೆದ್ರೆ ನಾಳೆ ಅದು ನಿಂದಾಗುತ್ತೆ. ನನ್ನ ಕೈಲಿ ಬಿದ್ರೆ ಬೈಗುಳ ನಂದು, ಕಂಪನಿ ಅವನದೇ. ನನ್ನ ಓಡಿಸಿದ ದಿನ ಜನ ಅವನಿಗೆ ಚಪ್ಪಾಳೆ ಬೇರೆ ತಟ್ತಾರೆ." ವರ್ನನ್ ಬೆರಳು ಒರೆಸಿಕೊಂಡ. "ಒಂದ್ಸಲವೂ ಕೆಡಿಸದೇ ಇರೋನನ್ನ ಯಾರಯ್ಯಾ ವಾಪಸ್ ಕರೀತಾರೆ?"

ಇದೂ ಕುಸ್ತಿಯ ಒಂದು ಪಟ್ಟೇ ಇರಬಹುದು ಎನ್ನಿಸಿತು ಡಾಯ್ಲ್‌ಗೆ. ಆ ಕಸುಬಿನಲ್ಲಿ ನಿಜ ಹೇಳುವವನ ಮೇಲೆಯೇ ಮೊದಲು ಅನುಮಾನ ಬರುತ್ತದೆ. ಆದರೂ ಕತ್ತಲಲ್ಲಿ ಪಕ್ಕದಲ್ಲೇ ನಿಂತು ಒಂದು ಮಾತೂ ಆಡದ ಹಾಲಿಸ್‌ನನ್ನು ಅವನು ಮರೆತಿರಲಿಲ್ಲ.

ಅಂದು ಜನರ ಮೆಚ್ಚಿನ ಪೈಲ್ವಾನ ಲಮಾರ್ ಗೆಲ್ಲಬೇಕಿತ್ತು. ಕೆಟ್ಟವನ ಪಾತ್ರದ ಗ್ರೇಡಿಯಿಂದ ಅವನು ಚಾಂಪಿಯನ್ ಬೆಲ್ಟ್ ಕಿತ್ತುಕೊಳ್ಳುವುದನ್ನು ನೋಡಲೆಂದೇ ಜನ ವಾರವಾರವೂ ಕಾದು ಬಂದಿದ್ದರು. ವಾರವಾರವೂ ಕಾಯಿಸಿದವನು ಡಾಯ್ಲ್. ಅವನು ಇಬ್ಬರನ್ನೂ ಮೂಲೆಗೆ ಕರೆದ.

"ಆಟ ಬದಲಾಗಿದೆ. ರಿಂಗಿನ ಹೊರಗೆ ಹೋಗಿ ಹೊಡೆದಾಡ್ಕೊಳ್ಳಿ. ರೆಫರಿ ಹತ್ತು ಎಣಿಸಿ ಮುಗಿಸ್ತಾನೆ. ಯಾರೂ ಗೆಲ್ಲೋದು ಬೇಡ."

"ಜನ ಸುಮ್ನಿರ್ತಾರಾ?" ಎಂದ ಲಮಾರ್.

"ಇರಲ್ಲ."

ಇರಲಿಲ್ಲ. ಗಂಟೆ ಹೊಡೆದದ್ದು ಯಾಕೆಂದು ತಿಳಿಯಲು ಜನಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೋಕ್ ತುಂಬಿದ ಲೋಟಗಳೇ ಹಾರಿ ಬಂದವು. "ಮೋಸ! ಯಾವನಯ್ಯಾ ಇದನ್ನ ಕಟ್ಟಿದೋನು?" ಹಾಲಿಸ್ ಓಡಿ ಬಂದು ರಿಂಗ್ ಪಕ್ಕ ನಿಂತು, ಪರದೆಯ ಬಳಿಯಿದ್ದ ಡಾಯ್ಲ್ ಕಡೆ ಬೆರಳು ಮಾಡಿದ. ಷೆಡ್ಡಿಗೆ ಷೆಡ್ಡೇ ತಿರುಗಿತು.

ಪರದೆಯ ಹಿಂದೆ ಬಂದ ಮೇಲೆ ಹಾಲಿಸ್ ಬೈಯಲಿಲ್ಲ. ಎಂದೂ ಮುಟ್ಟದವನು ಅಂದು ಡಾಯ್ಲ್‌ನ ಹೆಗಲ ಮೇಲೆ ಕೈ ಹಾಕಿದ.

"ಆಗುತ್ತೆ ಮಾರಾಯ, ಎಂಥೆಂಥೋರಿಗೂ ಆಗುತ್ತೆ. ವರ್ನನ್ ಬೇಸಿಗೆ ದಾಟಲ್ಲ, ನನಗೆ ಗೊತ್ತು. ಆಮೇಲೆ ನಿನಗೇ ಫೋನ್ ಮಾಡ್ತೀನಿ. ಅಲ್ಲಿವರೆಗೆ ರಿಂಗು ಪಿಂಗು ಏನೂ ಬೇಡ. ಕಾಲು ನೋಡ್ಕೋ."

ಹೊರಗೆ ಇನ್ನೂ ಬಿಸಿಲಿತ್ತು. ವಾರವಾರವೂ ಮುಂದಿನ ಸಾಲಿನಲ್ಲಿ ಕೂತು ಆಟ ನೋಡುವ ಮುದುಕಿ ಮಿಸ್ ಓಪಲ್ ಕಾರಿನ ಬೀಗ ತೆಗೆಯುತ್ತಿದ್ದವಳು ಡಾಯ್ಲ್‌ನನ್ನು ಕಂಡು ನಿಂತಳು.

"ಮಗಾ, ಅವರು ಹೇಳ್ತಿರೋದು ನಿಜವಾ? ಇವತ್ತಿಂದು ನೀನೇ ಕಟ್ಟಿದ್ದಾ?"

"ಹೌದಮ್ಮಾ, ನಾನೇ."

"ನಾನಲ್ಲ ಅಂತ ಅಂತೀಯೇನೋ ಅಂದ್ಕೊಂಡಿದ್ದೆ," ಎಂದಳು.

ಮುಂದಿನ ವಾರಕ್ಕೆ ಜಾಗ ಹೋಗದಿರಲಿ ಎಂದು ಅವಳು ಪ್ರತಿ ಭಾನುವಾರ ಕುರ್ಚಿಯ ಮೇಲೆಯೇ ಬಿಟ್ಟುಹೋಗುತ್ತಿದ್ದ ಹೂಚಿತ್ತಾರದ ದಿಂಬು ಇವತ್ತು ಅವಳ ಕಂಕುಳಲ್ಲಿತ್ತು. ಅದನ್ನು ಹಿಂದಿನ ಸೀಟಿಗೆ ಎಸೆದು ಬಾಗಿಲು ಹಾಕಿದಳು.